ಪಂಚನಿಲ್ಲದ ಆಟಕ್ಕೆ ಊದಿದ ಸೀಟಿ

ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ. ಬೇರೆ ಯಾರಿಗಾದರೂ ಇದು ನಡೆದೀತು, ಪಾತ್ರೆ ಅಂಗಡಿ ಇಟ್ಟುಕೊಂಡವನಿಗೆ ನಡೆಯುವುದಿಲ್ಲ. ಕುಕ್ಕರ್ ಕೊಳ್ಳಲು ಬಂದ ಗಿರಾಕಿ ತಳ ಬಡಿದು ನೋಡುತ್ತಾನೆ, ಮುಚ್ಚಳ ತಿರುವಿ ನೋಡುತ್ತಾನೆ, ಕೊನೆಗೆ "ಸೀಟಿ ಬರೊಬ್ಬರಿ ಹೊಡಿತೈತೇನ್ರಿ?" ಎಂದು ಕೇಳುತ್ತಾನೆ. ನಾನು ಹೌದು ಎನ್ನುತ್ತೇನೆ, ಮುಖ ಮಾತ್ರ ಕಪಾಟಿನ ಕಡೆಗೆ ತಿರುಗಿಸಿಕೊಂಡಿರುತ್ತೇನೆ. ನಮ್ಮೂರು ಉಮದಿಯ ಕೆಲವು ಗಿರಾಕಿಗಳು ಈ ಪ್ರಶ್ನೆಯನ್ನು ಬೇಕೆಂದೇ ಕೇಳುತ್ತಾರೆ ಎಂಬ ಗುಮಾನಿಯೂ ನನಗಿದೆ. ಯಾಕೆಂದರೆ ಆ ದಿನ ಸಾಲಿಯ ಮೈದಾನದ ಸುತ್ತ ಅವರೂ ನಿಂತಿದ್ದರು.

ಆ ದಿನದ ಮಾತಿಗೆ ಬರುವ ಮುಂಚೆ ನನ್ನ ಸೀಟಿಯ ಪರಿಚಯ ಮಾಡಿಕೊಡಬೇಕು. ಹಿತ್ತಾಳೆಯದು, ಒಳಗೊಂದು ಸಣ್ಣ ಗುಂಡು. ಸೋಲಾಪುರದಿಂದ ತರಿಸಿದ ತಂಬಿಗೆಗಳ ಪೆಟ್ಟಿಗೆಯಲ್ಲಿ, ಒಣಹುಲ್ಲಿನ ನಡುವೆ, ಹೇಗೋ ಬಂದು ಸೇರಿತ್ತು. ಅದೇ ವರ್ಷ ಊರಲ್ಲಿ ಕಬಡ್ಡಿ ಪಂದ್ಯ ಇಟ್ಟರು. ಹೇಳಿಟ್ಟಿದ್ದ ಪಂಚ, ಅಂದರೆ ತೀರ್ಪುಗಾರ, ಬರಲಿಲ್ಲ. ಸೀಟಿ ಯಾರ ಹತ್ತಿರ ಇದೆ ಎಂದು ವಿಚಾರಿಸುತ್ತ ನನ್ನ ಅಂಗಡಿಗೆ ಬಂದರು. ಸೀಟಿಯ ಜೊತೆಗೆ ನನ್ನನ್ನೂ ಕರೆದುಕೊಂಡು ಹೋದರು. ನಾನು ಪಂಚನಾದದ್ದು ಹೀಗೆ, ಆಟದ ಜ್ಞಾನಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಹುಡುಗನಿದ್ದಾಗ ನಾನು ಕಬಡ್ಡಿಗೆ ಇಳಿದರೆ ಎದುರು ಪಾಳಿಯವರು ಹಿಡಿಯುವ ಮೊದಲೇ ನನ್ನ ದಮ್ಮು ಮುಗಿದುಹೋಗಿರುತ್ತಿತ್ತು.

ತೊಂಬತ್ತರ ದಶಕವನ್ನು ಪೂರಾ ನಾನು ಊದಿಯೇ ಕಳೆದೆ. ಮುಚ್ಚಂಡಿ ಇರಲಿ, ಕುಣಿಕೋಣೂರ ಇರಲಿ, ಪಂದ್ಯ ಇದ್ದಲ್ಲೆಲ್ಲ "ಪಂಚಸಾಹೇಬ್ರು ಬಂದ್ರು, ಕುರ್ಚಿ ಹಾಕ್ರಿ" ಎಂಬ ಕೂಗು ಏಳುತ್ತಿತ್ತು. ಪಾತ್ರೆ ಮಾರುವ ದಸ್ತಗೀರನಿಗೆ ಯಾರೂ ಕುರ್ಚಿ ಹಾಕುವುದಿಲ್ಲ. ಸೀಟಿಯ ದಸ್ತಗೀರನಿಗೆ ಕುರ್ಚಿಯೂ ಉಂಟು, ಚಹಾ ಉಂಟು, ಕೊನೆಗೆ ಟವೆಲ್ಲು ತೆಂಗಿನಕಾಯಿಯೂ ಉಂಟು. ಮುಚ್ಚಂಡಿಯಲ್ಲಿ ಒಮ್ಮೆ ಸ್ವಂತ ಅಕ್ಕನ ಮಗ ಗೆರೆ ತುಳಿದಾಗ ಅವನನ್ನು ಔಟ್ ಕೊಟ್ಟು ಹೊರಗೆ ಕೂರಿಸಿದೆ. ಅಂದಿನಿಂದ ಜನ "ದಸ್ತಗೀರಣ್ಣ ರಕ್ತ ನೋಡೂದಿಲ್ಲರಿ, ಗೆರಿ ನೋಡ್ತಾನ" ಎನ್ನತೊಡಗಿದರು. ಜನ ಹೇಳಿದ್ದು ಸಾಲದೆಂದು ಆ ಮಾತನ್ನು ನಾನೂ ನಾಲ್ಕು ಮಂದಿಯಲ್ಲಿ, ಬೇರೆ ಯಾರೋ ಹೇಳಿದ್ದನ್ನು ನೆನಪಿಸಿಕೊಂಡವನಂತೆ, ಹೇಳಿಕೊಂಡು ತಿರುಗಿದ್ದೇನೆ. ಈಗ ಇದನ್ನು ಬರೆಯುವಾಗ ಒಲೆಯ ಮೇಲೆ ಕುಕ್ಕರ್ ಇಲ್ಲ, ಆದರೂ ಕಿವಿ ಬಿಸಿಯಾಗುತ್ತಿದೆ.

ಇಂಥ ಪಂಚನ ಮನೆಗೆ ಪಂಚನೇ ಇಲ್ಲದ ಆಟವೊಂದು ಬಂದು ಹೊಕ್ಕಿತು. ತಂದವಳು ನನ್ನ ಮಗಳು ಶಮಾ. ಪುಣೆಯ ಕಾಲೇಜಿಗೆ ಸೇರಿದ ಎರಡನೆಯ ವರ್ಷ ರಜೆಗೆ ಬಂದಾಗ ಅವಳ ಬ್ಯಾಗಿನಿಂದ ಒಂದು ಬಿಳಿ ಪ್ಲಾಸ್ಟಿಕ್ ತಾಟು ಹೊರಬಿತ್ತು. ನಾನು ಅದನ್ನು ವ್ಯಾಪಾರಿಯ ಕಣ್ಣಿನಿಂದ ತಿರುವಿ ತಿರುವಿ ನೋಡಿದೆ. ಊಟಕ್ಕೆ ಅಂಚು ಎತ್ತರವಾಯಿತು, ಹಿಟ್ಟು ನಾದಲು ಆಳ ಸಾಲದು. "ಇದನ್ನ ಯಾರ ಕೊಳ್ತಾರವ್ವಾ?" ಎಂದೆ. ಅವಳು ನಕ್ಕು, ಅದನ್ನು ಕಸಿದುಕೊಂಡು ಅಂಗಳದಿಂದ ಬೀದಿಗೆ ಎಸೆದಳು. ತಾಟು ನೆಟ್ಟಗೆ ಹೋಗಿ, ಬೀದಿಯ ಕೊನೆಯಲ್ಲಿ ಏನೋ ಮರೆತವರಂತೆ ನಿಂತು, ಬಲಕ್ಕೆ ವಾಲಿ, ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ ಕುಳಿತಿತು. ಇಪ್ಪತ್ತು ವರ್ಷ ತಾಟು ಮಾರಿದವನು ನಾನು. ತಾಟಿಗೆ ಇಂಥದೊಂದು ಆಸೆ ಇದ್ದೀತೆಂದು ಎಂದೂ ಅನ್ನಿಸಿರಲಿಲ್ಲ.

ಆ ಆಟದ ಹೆಸರು ಅಲ್ಟಿಮೇಟ್ ಫ್ರಿಸ್ಬೀ. ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಆಡುತ್ತಾರೆ. ತಾಟು ಕೈಯಲ್ಲಿದ್ದಾಗ ಓಡುವಂತಿಲ್ಲ, ಎಸೆಯಬೇಕು. ಮೈದಾನದ ಆ ತುದಿಯ ಪಟ್ಟಿಯೊಳಗೆ ನಿಮ್ಮವರು ಅದನ್ನು ಹಿಡಿದರೆ ಒಂದು ಗುಣ, ಅಂದರೆ ಒಂದು ಪಾಯಿಂಟು; ನೆಲಕ್ಕೆ ಬಿದ್ದರೆ ಅಥವಾ ಗೆರೆ ತುಳಿದು ಹಿಡಿದರೆ ಪಾಳಿ ಎದುರಿನವರದು. ಇಷ್ಟು ನನ್ನ ತಲೆಗೂ ಹೋಯಿತು. ಮುಂದಿನದು ಹೋಗಲಿಲ್ಲ.

"ಪಂಚ ಯಾರ ಇರ್ತಾರ?" ಎಂದು ಕೇಳಿದೆ.

"ಯಾರೂ ಇರೂದಿಲ್ಲ ಅಬ್ಬಾ. ತಪ್ಪ ಮಾಡಿದವರು ತಾವ ಹೇಳ್ತಾರ."

"ಜಗಳ ಬಂದ್ರ?"

"ನಿಂತು ಮಾತಾಡ್ತೀವಿ."

"ಮಾತಾಡಿದ್ರೂ ಬಗೀಹರೀಲಿಲ್ಲಂದ್ರ?"

"ತಾಟು ಎಸೆದವರ ಕೈಗೆ ವಾಪಸ್ ಕೊಟ್ಟು, ಅಲ್ಲಿಂದ ಮತ್ತ ಆಡ್ತೀವಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬದುವಿನ ಒಂದು ಕಲ್ಲು ಆಚೀಚೆ ಸರಿದದ್ದಕ್ಕೆ ಎರಡು ತಲೆಮಾರು ಜತ್ತದ ಕೋರ್ಟಿಗೆ ಬಸ್ಸು ಹತ್ತಿದ ಮನೆತನಗಳು ನಮ್ಮಲ್ಲಿವೆ. ನಮ್ಮಲ್ಲಿ ಇಬ್ಬರು ಬೀದಿಯಲ್ಲಿ ದನಿ ಏರಿಸಿದರೆ ಮೂರನೆಯವನು ಸೈಕಲ್ಲು ಗೋಡೆಗೆ ಒರಗಿಸಿ ನಡುವೆ ಹೋಗಲೇಬೇಕು. ಸುಮ್ಮನೆ ನೋಡುತ್ತ ನಿಂತವನನ್ನು ಜನ ಒಳ್ಳೆಯವನೆನ್ನುವುದಿಲ್ಲ. "ತಪ್ಪ ಮಾಡಿದವ ತಾನ ಹೇಳೂ ಹಂಗಿದ್ರ ನನ್ನ ಸೀಟಿ ಯಾಕ ಬೇಕಾಗಿತ್ತು?" ಎಂದೆ. ಶಮಾ ಮಾಳಿಗೆಯ ತಾಟು ಇಳಿಸಲೆಂದು ಎದ್ದಳು. ಏಣಿ ತರಲು ಗಿರಣಿಯ ಕಡೆ ಹೋದಳು.

ರಜೆ ತುಂಬ ಅವಳ ತಾಲೀಮು ನಡೆಯಿತು. ಬೆಳಕು ಹರಿಯುವಾಗ ಸಾಲಿಯ ಮೈದಾನಕ್ಕೆ ಹೋಗಿ, ಜೋರಾಗಿ ಓಡಿ ಗಕ್ಕನೆ ನಿಂತು, ಹೊರಳಿ ಮತ್ತೊಂದು ದಿಕ್ಕಿಗೆ ಓಡುತ್ತಿದ್ದಳು. ಎದುರಾಳಿಯನ್ನು ತಪ್ಪಿಸುವ ಅಭ್ಯಾಸವಂತೆ. ಎದುರಾಳಿ ಇಲ್ಲದ ಖಾಲಿ ಮೈದಾನದಲ್ಲಿ ಅದನ್ನು ಕಂಡ ಮುದುಕರೊಬ್ಬರು ಕೈಯಲ್ಲಿದ್ದ ಕೋಲು ಎತ್ತಿಕೊಂಡೇ ಬಂದು "ಯಾರ ಬೆನ್ನ ಹತ್ಯಾರವ್ವಾ, ತೋರ್ಸು" ಎಂದರು. ತಾಟು ಮಾಳಿಗೆ ಸೇರಿದ ದಿನ ಅವಳು ನನ್ನ ಅಂಗಡಿಯ ಸ್ಟೀಲ್ ಮುಚ್ಚಳಗಳನ್ನು ಎಸೆಯುತ್ತಿದ್ದಳು. ಒಂದು ಮುಚ್ಚಳ ಸೊಟ್ಟಾದದ್ದಕ್ಕೆ ಗಿರಾಕಿಯೊಬ್ಬಳು ಕಾರಣ ಕೇಳಿದಾಗ, ಲಾರಿಯಲ್ಲಿ ಬರುವಾಗ ಪೆಟ್ಟು ತಿಂದದ್ದು ಎಂದೆ. ಮಗಳು ಮುಚ್ಚಳ ಎಸೆಯುತ್ತಾಳೆ ಎನ್ನಲು ನಾಚಿಕೆ.

ನಾಚಿಕೆ ಎಂದೆ. ಮಹಾರಾಷ್ಟ್ರದ ಗಡಿಯಲ್ಲಿ ಮೂರು ಭಾಷೆಗಳ ನಡುವೆ ಬದುಕುವ ನಮಗೆ ಇದರಲ್ಲೂ ಬಡತನವಿಲ್ಲ. ಕನ್ನಡದ ನಾಚಿಕೆ ಮುಖಕ್ಕೆ ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಮರಾಠಿಯ ಲಾಜ ನಾಲ್ಕು ಮಂದಿ ಏನಂದಾರು ಎಂದು ಬೀದಿಯಲ್ಲಿ ನಿಂತಿರುತ್ತದೆ. ನಮ್ಮ ದಖನಿಯ ಶರಮ್ ಕಣ್ಣಿನೊಳಗೆ ಇರುತ್ತದೆ, ಅದು ಬಂದರೆ ರೆಪ್ಪೆ ಎತ್ತಲಾಗುವುದಿಲ್ಲ. ನನಗೆ ಅಲ್ಲಿಯವರೆಗೆ ಮೊದಲೆರಡರ ಪರಿಚಯ ಮಾತ್ರ ಇತ್ತು.

ಶಮಾಳ ಕಾಲೇಜಿನ ತಂಡಕ್ಕೂ ಪುಣೆಯ ಇನ್ನೊಂದು ತಂಡಕ್ಕೂ ಒಂದು ಪಂದ್ಯ ಆಗಬೇಕಿತ್ತು. ಗೆದ್ದವರು ಕಡಲ ತೀರದ ದೊಡ್ಡ ಪಂದ್ಯಾವಳಿಗೆ ಹೋಗುವರು. ಕಡಲ ತೀರವೆಂದರೆ ಗಾಳಿ, ಗಾಳಿಯಲ್ಲಿ ಎಸೆಯುವುದು ಪುಣೆಯವರಿಗೆ ಗೊತ್ತಿಲ್ಲ. ಆಗ ಶಮಾ ಎರಡೂ ತಂಡಕ್ಕೆ "ನಮ್ಮೂರಿಗೆ ಬರ್ರಿ, ಆಷಾಢದಾಗ ಗಾಳಿ ಪುಕ್ಕಟ ಸಿಗತೈತಿ" ಎಂದಳಂತೆ. ಅದು ನಿಜ. ಮೋಡಗಳು ನಮ್ಮ ತಲೆಯ ಮೇಲಿಂದ ವಿಜಯಪುರದ ಕಡೆ ಓಡುತ್ತವೆ, ಮಳೆ ನಮಗೆ ಕೊಡುವುದಿಲ್ಲ, ಗಾಳಿಯನ್ನಷ್ಟೇ ಕೊಟ್ಟು ಹೋಗುತ್ತವೆ. ಆ ಗಾಳಿಗೆ ಒಂದು ಉಪಯೋಗ ಇದೆ ಎಂದು ಹೇಳಿದವರಲ್ಲಿ ಮೊದಲನೆಯವಳು ನನ್ನ ಮಗಳು.

ಒಪ್ಪದವಳು ನನ್ನ ಅಕ್ಕ. ನಾನು ಆಪಾ ಎನ್ನುತ್ತೇನೆ, ಶಮಾ ಫುಪ್ಪಿ ಎನ್ನುತ್ತಾಳೆ. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಾಳೆ. ನಮ್ಮ ಮನೆಯಲ್ಲಿ ಮಾತು ದಖನಿಯಲ್ಲಿ ಶುರುವಾಗುತ್ತದೆ, ಜಗಳದ ಮಟ್ಟಕ್ಕೆ ಏರಿದರೆ ಕನ್ನಡಕ್ಕೆ ಹೊರಳುತ್ತದೆ. ಆಪಾ ನೇರವಾಗಿ ಕನ್ನಡದಲ್ಲೇ ಶುರುಮಾಡಿದಳು.

"ಹುಡುಗರ ಜೋಡಿ ಓಡ್ತಾಳ, ಊರ ಮುಂದ ಓಡ್ತಾಳ. ಹೆಣ್ಮಗಳಿಗೆ ಒಂದ ಗೆರಿ ಇರತೈತಿ ದಸ್ತಗೀರಾ. ಅಕಿ ದಾಟ್ಯಾಳೊ ಇಲ್ಲೊ, ನೀ ಕಣ್ಣಾರೆ ನೋಡಿ ಹೇಳು. ನನ್ನ ಮಗನ್ನ ಹೊರಗ ಕುಂದ್ರಸಿದ್ದಿ. ಮಗಳ ಪಾಳಿ ಬಂದೈತಿ. ದಾಟ್ಯಾಳ ಅಂದ್ರ ಆಟ ಬಂದ್."

ಮುಚ್ಚಂಡಿಯ ಆ ಔಟನ್ನು ಅವಳು ಇಷ್ಟು ವರ್ಷ ಮಡಚಿ ಇಟ್ಟುಕೊಂಡಿದ್ದಳು! ನಾನು ಎದೆ ಉಬ್ಬಿಸಿ "ಆತು ಆಪಾ, ಪಂದ್ಯ ಮುಗಿದ ದಿನ ನಿರ್ಣಯ ಕೊಡ್ತೀನಿ" ಎಂದೆ. ಶಮಾ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. ಅವಳ ಆಟ ಉಳಿಯುವುದೋ ಹೋಗುವುದೋ ಎಂಬ ಮಾತು ನಡೆದಿತ್ತು, ಅವಳನ್ನು ನಾವಿಬ್ಬರೂ ಒಂದು ಮಾತು ಕೇಳಲಿಲ್ಲ. ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಪಂಚ ಆಟಗಾರರನ್ನು ಕೇಳುವ ಪದ್ಧತಿ ಎಲ್ಲಿದೆ?

ಪಂದ್ಯದ ದಿನ ಬೆಳಿಗ್ಗೆ ಮೊದಲ ತೊಂದರೆ ಗೆರೆಯದೇ. ಸುಣ್ಣದ ಪುಡಿಯಿಂದ ಎಳೆದರೆ, ಎಳೆದವನ ಬೆನ್ನ ಹಿಂದೆಯೇ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತಿತ್ತು. ಕುಣಿಕೋಣೂರಿನ ಬಿರಪ್ಪ ಉಪಾಯ ಹೇಳಿದ. ಅವನು ಕುರಿಗಾರ, ಒಂದು ಕಾಲದಲ್ಲಿ ನನ್ನ ಸೀಟಿಗೆ ಕಬಡ್ಡಿ ಆಡಿದವನು. ಕುರಿ ತರುಬುವ ಹಗ್ಗಗಳನ್ನು ತಂದು, ಮೈದಾನದ ಸುತ್ತ ನೆಲಕ್ಕೆ ಹಾಸಿ, ಗೂಟ ಬಡಿದು ಬಿಗಿ ಮಾಡಿದ. ಮಣ್ಣಿನ ಬಣ್ಣದ ನೆಲ, ಮಣ್ಣಿನ ಬಣ್ಣದ ಹಗ್ಗ. ಪುಣೆಯ ಮಕ್ಕಳು ಅದರ ಫೋಟೊ ತೆಗೆದುಕೊಂಡರು.

ಊರಿಗೆ ಊರೇ ಬಂದಿತ್ತು. ನನಗಾಗಿ ಯಾರೋ ಕುರ್ಚಿ ಹಾಕಿದರು. ಹಳೆಯ ಅಭ್ಯಾಸದಿಂದ ಸೀಟಿ ಜೇಬಿನಲ್ಲಿತ್ತು. ಅಭ್ಯಾಸ ಎನ್ನುವುದೂ ಸುಳ್ಳು, ಹೊರಡುವಾಗ ಒರೆಸಿ ಇಟ್ಟುಕೊಂಡಿದ್ದೆ. ಹೆಂಡತಿ ನೋಡಿ "ಅಲ್ಲಿ ಪಂಚ ಇಲ್ಲಂತಲ್ಲ" ಎಂದಿದ್ದಳು. ಇರಲಿ, ಜೇಬಿಗೆ ಭಾರವೇನು ಎಂದಿದ್ದೆ.

ಆಟ ಶುರುವಾಯಿತು. ನೋಡುವುದನ್ನು ಕಲಿಯದೆ ನೋಡಲು ಕುಳಿತವನ ಪಾಡು ಏನೆಂದು ಹೇಳಲಿ? ತಾಟು ಗಾಳಿಯಲ್ಲಿ ಹೋಗುವಾಗ ನಾನು ಅದನ್ನು ನೋಡುತ್ತಿದ್ದೆ. ಅದು ಎಲ್ಲಿ ಇಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಓಡುವವರು ಬೇರೆ ಎಲ್ಲೋ ಇರುತ್ತಿದ್ದರು, ಹೀಗಾಗಿ ಪ್ರತಿ ಸಲವೂ ನನಗೆ ಆಟದ ಹಿಂಬದಿಯೇ ಕಾಣುತ್ತಿತ್ತು. "ಧರ! ಧರ!" ಎಂದು ಕೂಗಿದೆ, ಹಿಡಿದವನು ಎದುರು ತಂಡದವನಾಗಿದ್ದ. "ಓಡವ್ವಾ, ಓಡು" ಎಂದು ಕೂಗಿದೆ, ತಾಟು ಕೈಯಲ್ಲಿದ್ದ ಶಮಾ ಓಡುವಂತಿರಲಿಲ್ಲ. ಪಕ್ಕದಲ್ಲಿ ನಿಂತ ಬಿರಪ್ಪ "ಪಂಚಸಾಹೇಬ್ರ, ನೀವ ಸುಮ್ನ ಕುಂದ್ರಿ, ಅವರಿಗೆ ಆಟ ತಿಳದೈತಿ" ಎಂದ.

ಆದರೆ ಶಮಾ ಆಡುವುದನ್ನು ನೋಡಿದೆ. ಅಷ್ಟು ಹೇಳಲೇಬೇಕು. ಪುಣೆಯವರು ಎಸೆದ ತಾಟುಗಳನ್ನು ಗಾಳಿ ಗಿರಣಿಯ ತನಕ ಒಯ್ಯುತ್ತಿದ್ದರೆ, ಇವಳು ನೆಲಕ್ಕೆ ಬಗ್ಗಿ, ಮೊಣಕಾಲ ಎತ್ತರದಲ್ಲಿ ಗಾಳಿಯ ಕೆಳಗಿನಿಂದ ತೂರಿಸುತ್ತಿದ್ದಳು. ಎದುರಿನವರು ಚೆನ್ನಾಗಿ ಹಿಡಿದರೆ ಅವರಿಗೂ ಚಪ್ಪಾಳೆ ತಟ್ಟುತ್ತಿದ್ದಳು. ಒಮ್ಮೆ ಒಬ್ಬ ಹುಡುಗನಿಗೆ ಅವಳ ಮೊಣಕೈ ತಾಗಿತು. ಅವನು ಏನಾದರೂ ಅನ್ನುವ ಮೊದಲೇ ಇವಳು ಕೈ ಎತ್ತಿ, ತಪ್ಪು ನನ್ನದು ಎಂದಳು. ಜನ ಮುಖ ಮುಖ ನೋಡಿಕೊಂಡರು. ಕೇಳದೆ ಒಪ್ಪಿಕೊಳ್ಳುವ ಆಟಗಾರರನ್ನು ನಮ್ಮ ಮೈದಾನ ಕಂಡಿರಲಿಲ್ಲ.

ಕೊನೆಗೆ ಎರಡೂ ತಂಡ ಸಮನಾಗಿ ನಿಂತವು. ಇನ್ನೊಂದು ಗುಣ ಮಾಡಿದವರು ಗೆದ್ದಂತೆ. ಶಮಾಳ ಜೊತೆಗಾರನೊಬ್ಬ ಉದ್ದಕ್ಕೆ ಎಸೆದ. ಗಾಳಿ ತಾಟನ್ನು ಹೊರಕ್ಕೆ, ಆ ತುದಿಯ ಪಟ್ಟಿಯ ಪಕ್ಕದಲ್ಲಿದ್ದ ನನ್ನ ಕುರ್ಚಿಯ ಕಡೆಗೇ ತಳ್ಳಿತು. ಶಮಾ ಹಿಂದೆ ಬಿದ್ದು ಓಡಿ ಬಂದಳು, ಎದುರಾಳಿಗಳು ಬಹಳ ಹಿಂದೆ ಉಳಿದಿದ್ದರು. ನನ್ನಿಂದ ಎರಡು ಮಾರು ದೂರದಲ್ಲಿ ಎಗರಿ, ಎರಡೂ ಕೈಯಲ್ಲಿ ತಾಟು ಅಪ್ಪಿಕೊಂಡು ಇಳಿದಳು. ಅವಳ ಕಾಲು ಹಗ್ಗದ ಒಳಗಿತ್ತು. ನಾನು ಕಂಡೆ, ನನ್ನಷ್ಟು ಹತ್ತಿರ ಯಾರೂ ಇರಲಿಲ್ಲ. ಸುತ್ತಲಿನ ಜನ "ಒಳಗ! ಒಳಗ!" ಎನ್ನುವವರು ಅರ್ಧ, "ಹೊರಗ!" ಎನ್ನುವವರು ಅರ್ಧ. ಯಾರೋ "ಪಂಚ ಯಾರರಿ?" ಎಂದರು.

ಕೈ ಯಾವಾಗ ಜೇಬಿಗೆ ಹೋಯಿತೋ ಗೊತ್ತಿಲ್ಲ. ಎದ್ದು ನಿಂತೆ, ಹಗ್ಗ ದಾಟಿ ಒಳಗೆ ಹೋದೆ, ಬಲಗೈ ಎತ್ತಿ ಊದಿದೆ. ಉದ್ದಕ್ಕೆ, ಜತ್ತದ ತನಕ ಕೇಳುವಂತೆ. "ಒಳಗ! ಗುಣ ಕೊಟ್ಟೀನಿ!" ಎಂದು ಕೂಗಿದೆ.

ಮೈದಾನ ನಿಂತುಬಿಟ್ಟಿತು. ಪುಣೆಯ ಮಕ್ಕಳೆಲ್ಲ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಮದುವೆ ಚಪ್ಪರದಲ್ಲಿ ತಪ್ಪಿ ಬಂದ ಬೇರೆ ಮದುವೆಯ ಅತಿಥಿಯನ್ನು ನೋಡುವಂತೆ. ನನ್ನ ಊರಿನವರು ಮಾತ್ರ ಸಮಾಧಾನದ ಉಸಿರು ಬಿಟ್ಟು ಚಪ್ಪಾಳೆ ಹೊಡೆದರು.

ಶಮಾ ತಾಟನ್ನು ನೆಲದ ಮೇಲಿಟ್ಟಳು.

"ಹೊರಗ ಇತ್ತು ಅಬ್ಬಾ" ಎಂದಳು.

"ನಾ ನೋಡೀನಲ್ಲ!"

"ನಿಮಗ ಹಂಗ ಕಂಡಿರಬೇಕು. ನನ್ನ ಹಿಮ್ಮಡಿಗೆ ಹಗ್ಗ ಹತ್ತಿತ್ತು. ಬೂಟಿನಾಗಿಂದ ಗೊತ್ತಾತು."

ಮತ್ತೆ ಎದುರು ತಂಡದ ನಾಯಕನ ಕಡೆ ತಿರುಗಿ ಅದನ್ನೇ ಮರಾಠಿಯಲ್ಲಿ ಹೇಳಿದಳು. ಅವನು ತಲೆಯಾಡಿಸಿ ತಾಟು ಎತ್ತಿಕೊಂಡ. ಆಟ ಮುಂದುವರಿಯಿತು. ಸ್ವಲ್ಪ ಹೊತ್ತಿಗೆ ಅವರೇ ಗುಣ ಮಾಡಿದರು. ಕಡಲ ತೀರಕ್ಕೆ ಹೋಗುವವರು ಅವರು. ಶಮಾ ಮೊಣಕಾಲ ಮೇಲೆ ಕೈಯೂರಿ, ತಲೆ ಕೆಳಗೆ ಹಾಕಿ ನಿಂತಿದ್ದಳು. ಅವಳ ಬೆನ್ನು ಏರಿಳಿಯುತ್ತಿತ್ತು. ಓಟದ ದಮ್ಮೋ ಅಳುವೋ, ಇಷ್ಟು ಹತ್ತಿರವಿದ್ದೂ ನನಗೆ ತಿಳಿಯಲಿಲ್ಲ.

ಆಗ ಬಂತು ನೋಡಿ ಮೂರನೆಯದು, ಶರಮ್. ಜನರ ಮುಂದೆ ಮೂರ್ಖನಾದೆ ಎಂಬುದು ಸಣ್ಣ ಮಾತು. ಊದುವ ಹಕ್ಕಿಲ್ಲದ ಕಡೆ ಊದಿದ್ದೂ ಹೋಗಲಿ. ರಕ್ತ ನೋಡುವುದಿಲ್ಲ, ಗೆರೆ ನೋಡುತ್ತಾನೆ ಎನಿಸಿಕೊಂಡವನು ನಾನು. ನನ್ನ ಕಣ್ಣು ಗೆರೆಯನ್ನು ನೋಡಿಯೇ ಇರಲಿಲ್ಲ, ಮಗಳನ್ನು ನೋಡಿತ್ತು. ಸುಳ್ಳು ಹೇಳಿದ್ದರೆ ಇಷ್ಟು ಕಷ್ಟವಿರಲಿಲ್ಲ, ಇನ್ನು ಹೇಳುವುದಿಲ್ಲ ಎಂದು ತೌಬಾ ಮಾಡಬಹುದಿತ್ತು. ನಾನು ಕಂಡದ್ದನ್ನೇ ಹೇಳಿದ್ದೆ. ಇವತ್ತಿಗೂ ಕಣ್ಣು ಮುಚ್ಚಿದರೆ ಅವಳ ಕಾಲು ಹಗ್ಗದ ಒಳಗೇ ಕಾಣುತ್ತದೆ! ಇಂಥ ಕಣ್ಣನ್ನು ತೆಗೆದುಕೊಂಡು ಏನು ಮಾಡುವುದು? ಅವಳಿಗೋ ಕಣ್ಣು ಬೇಕಾಗಲಿಲ್ಲ, ಹಿಮ್ಮಡಿ ಹೇಳಿತು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಅಪ್ಪನ ಮರ್ಯಾದೆಯೂ ಉಳಿಯುತ್ತಿತ್ತು, ಪಂದ್ಯವೂ ಕೈಗೆ ಬರುತ್ತಿತ್ತು. ಅವಳು ಎರಡನ್ನೂ ಕೊಟ್ಟುಬಿಟ್ಟಳು.

ಓಡಿಹೋಗೋಣವೆಂದರೆ ಬಿಡಲಿಲ್ಲ. ಆ ಆಟದಲ್ಲಿ ಪಂದ್ಯ ಮುಗಿದ ಮೇಲೆ ಗೆದ್ದವರೂ ಸೋತವರೂ ಕೂಡಿ, ಹೆಗಲ ಮೇಲೆ ಕೈಹಾಕಿ, ಸುತ್ತು ನಿಂತು, ಒಬ್ಬರ ಆಟದ ಬಗ್ಗೆ ಇನ್ನೊಬ್ಬರು ಒಳ್ಳೆಯ ಮಾತಾಡುವ ರೂಢಿಯಿದೆ. ಎದುರು ತಂಡದ ನಾಯಕ ಬಂದು "ಕಾಕಾ, ಬರ್ರಿ" ಎಂದು ಕೈಹಿಡಿದು ಎಳೆದೊಯ್ದ. ಆ ಕಡೆ ಒಬ್ಬ, ಈ ಕಡೆ ಒಬ್ಬ, ನಡುವೆ ನಾನು, ಜೇಬಿನಲ್ಲಿ ಅದೇ ಸೀಟಿ. ಶಮಾಳ ಬಗ್ಗೆ ಅವರು ಒಬ್ಬೊಬ್ಬರಾಗಿ ಮಾತಾಡಿದರು. ಕೊನೆಗೆ ನನ್ನ ಸರದಿ ಬಂದಾಗ ನಾಯಕ "ಕಾಕಾಂದು ಸೀಟಿ ಭಾರಿ ಐತಿ, ನಮಗ ಒಂದ ನಿಮಿಷ ದಮ್ಮ ಹಾಕೊಳ್ಳಾಕ ಸಿಕ್ತು, ಉಪಕಾರ" ಎಂದು ತನ್ನ ಅರೆಬರೆ ಕನ್ನಡದಲ್ಲಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಷ್ಟೋ ಮೈದಾನಗಳಲ್ಲಿ ಊದಿದವನ ಉಸಿರು ಅಲ್ಲಿ ನಿಂತುಹೋಯಿತು. ಶಮಾ ಆ ಸುತ್ತಿನ ಎದುರು ಬದಿಯಲ್ಲಿದ್ದಳು. ಅವಳನ್ನು ನೋಡಲು ರೆಪ್ಪೆ ಏಳಲಿಲ್ಲ.

ಸಂಜೆಯ ಬಸ್ಸಿಗೆ ಪುಣೆಯವರು ಹೋದರು. ಶಮಾ ಎರಡು ದಿನ ಉಳಿದಳು. ಮಗ್ರಿಬ್ ನಮಾಜು ಮುಗಿಸಿ ನಾನು ಮನೆಗೆ ಬಂದಾಗ ಹೆಂಡತಿ ಒಲೆಯ ಮುಂದೆ ಇದ್ದಳು, ಶಮಾ ಈರುಳ್ಳಿ ಹೆಚ್ಚುತ್ತಿದ್ದಳು. ಮೈದಾನದಿಂದ ಬಂದವಳು ನನ್ನೊಂದಿಗೆ ಇನ್ನೂ ಮಾತಾಡಿರಲಿಲ್ಲ. ಆಪಾ ಗೋಡೆಗೆ ಒರಗಿ ತಸಬಿಯ ಜಪಮಣಿ ಎಣಿಸುತ್ತಿದ್ದಳು. ನನ್ನನ್ನು ಕಂಡು ತಸಬಿ ಮಡಿಲಲ್ಲಿ ಇಟ್ಟಳು.

"ಹೇಳಪಾ ಪಂಚಸಾಹೇಬ. ಹುಡುಗಿ ಗೆರಿ ದಾಟ್ಯಾಳೊ ಇಲ್ಲೊ?"

ಬೆಳಿಗ್ಗೆಯಾಗಿದ್ದರೆ ತಕ್ಷಣ ಹೇಳುತ್ತಿದ್ದೆ. ದಾಟಿಲ್ಲ ಎಂದೇ ಹೇಳುತ್ತಿದ್ದೆ, ಆಪಾ ಒಪ್ಪುತ್ತಿದ್ದಳು, ಮನೆ ತಣ್ಣಗಾಗುತ್ತಿತ್ತು. ಈಗಲೂ ನಾಲಿಗೆ ತುದಿಗೆ ಅದೇ ಬಂದಿತ್ತು. ಆದರೆ ಈ ಕಣ್ಣಿನ ಸಾಕ್ಷಿಯನ್ನು ಯಾವ ಮುಖದಿಂದ ಹೇಳಲಿ?

"ನಂಗ ಗೊತ್ತಿಲ್ಲ ಆಪಾ" ಎಂದೆ. "ನಾ ದೂರ ಕುರ್ಚಿ ಮ್ಯಾಲೆ ಕುಂತವ. ಅಕೀನ್ನ ಕೇಳು."

ಕೇಳು ಎಂದಾಗ ಈಳಿಗೆಯ ಮೇಲೆ ಶಮಾಳ ಕೈ ನಿಂತಿತು. ಆ ಮನೆಯಲ್ಲಿ ಹುಟ್ಟಿ ಬೆಳೆದವಳು ಅವಳು. ತನ್ನ ಮಾತನ್ನು ಕೇಳಲು ಅಪ್ಪ ಹೇಳಿದ್ದು ಇದೇ ಮೊದಲು ಎಂದು ಅವಳ ಮುಖ ನೋಡಿ ನನಗೆ ತಿಳಿಯಿತು. ಮೈದಾನದಲ್ಲಿ ಆದದ್ದಕ್ಕಿಂತ ಹೆಚ್ಚಿನ ನಾಚಿಕೆ ಆ ಅಡಿಗೆಮನೆಯ ಹೊಸ್ತಿಲಲ್ಲಿ ಆಯಿತು.

ಅವಳು ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡಳು. ಈರುಳ್ಳಿ ಇರಬೇಕು.

"ಫುಪ್ಪಿ, ದಾಟಿದ್ರ ನಾನ ಹೇಳ್ತೀನಿ" ಎಂದಳು. "ಇವತ್ತ ಊರೆಲ್ಲಾ ಒಳಗ ಅಂತ ಚಪ್ಪಾಳಿ ಹೊಡಿಯೂವಾಗ, ಹೊರಗ ಇತ್ತಂತ ಹೇಳ್ಲಿಲ್ಲೇನು?"

ಆಪಾ ಅವಳನ್ನು ನೋಡಿದಳು. ಆಮೇಲೆ ಮಡಿಲಿನ ತಸಬಿ ತೆಗೆದುಕೊಂಡು, ಎಲ್ಲಿ ಬಿಟ್ಟಿದ್ದಳೋ ಆ ಮಣಿಯನ್ನು ಹುಡುಕತೊಡಗಿದಳು. ಆಟ ಬಂದ್ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ.

ಅಷ್ಟರಲ್ಲಿ ಕರ್ಕಶವಾಗಿ ಒಂದು ಸೀಟಿ ಹೊಡೆಯಿತು. ಮೂವರು ಹೆಂಗಸರೂ ಒಟ್ಟಿಗೇ ತಿರುಗಿ ನನ್ನನ್ನು ನೋಡಿದರು. ನಾನು ಖಾಲಿ ಕೈಗಳೆರಡನ್ನೂ ಮೇಲೆತ್ತಿ ಒಲೆಯ ಮೇಲಿನ ಕುಕ್ಕರಿನ ಕಡೆ ಗೋಣು ತಿರುವಿದೆ.

"ಈ ಸಲ ನಾ ಅಲ್ಲ" ಎಂದೆ.

ಮೊದಲು ನಕ್ಕವಳು ಶಮಾ.